ಆಂಟಿಗಾದಲ್ಲಿ ‘ಎಲ್ಲಿಗ್ ಹೊರ್ಟದ್ದ್’ ಅಂತ ಯಾರೂ ಕೇಳುದಿಲ್ಲ

ಹ್ವಾಯ್, ಒಂಚೂರು ನಿಲ್ಲಿ. ಎಲ್ಲಿಗ್ ಹೊರ್ಟದ್ದ್? ಬೇಜಾರು ಮಾಡ್ಕಬೇಡಿ ಮಾರಾಯ್ರೆ, ಸುಮ್ಮನೆ ಕೇಳಿದ್ದು. ಬ್ರಹ್ಮಾವರದ ಬಸ್ ಸ್ಟ್ಯಾಂಡಲ್ಲಿ ಗುರ್ತದವರು ಸಿಕ್ಕಿದಾಗ ಇಷ್ಟೂ ಕೇಳದೆ ಮುಂದೆ ಹೋದ್ರೆ, ಸಂಜೆಯೊಳಗೆ ನೀವೇ ಊರಿಡೀ ಹೇಳ್ಕಂಡು ಬರ್ತ್ರಿ: ‘ಅವ್ಳಿಗ್ ಈಗ ಕೊಂಬ್ ಬಂದಿತ್ತ್. ಫಾರಿನ್ನಿಗ್ ಹೋಯ್ ಬಂದದ್ದಲ್ದಾ!’

ಹೋಗಿ ಬಂದದ್ದು ಹೌದು. ಫಾರಿನ್ ಅಂದ ಕೂಡಲೇ ‘ದುಬೈಯಾ, ಮಸ್ಕತ್ತಾ?’ ಅಂತ ನಿಮ್ಮ ಬಾಯಿಗೆ ಬಂತಲ್ಲ, ಅದಲ್ಲ. ಆಂಟಿಗಾ. ವೆಸ್ಟ್ ಇಂಡೀಸ್. ವಿವಿಯನ್ ರಿಚರ್ಡ್ಸ್ ಹುಟ್ಟಿದ ಊರು. (ಕಂಡ್ರ್ಯಾ, ನಿಮ್ಮ ಯಜಮಾನ್ರು ಈಗ ಪೇಪರಿನಿಂದ ತಲೆ ಎತ್ತಿದ್ರು.) 281 ಚದರ ಕಿಲೋಮೀಟರಿನ ದ್ವೀಪ. ಪಕ್ಕದ ಬಾರ್ಬುಡಾವನ್ನೂ ಸೇರಿಸಿ ಇಡೀ ದೇಶದ ಜನ ಲೆಕ್ಕ ಹಾಕಿದ್ರೆ ಒಂದು ಲಕ್ಷದ ಆಸುಪಾಸು. ಉಡುಪಿ ಪರ್ಯಾಯದ ರಾತ್ರಿ ರಥಬೀದಿಯಲ್ಲಿ ಕಾಲು ತುಳಿಸಿಕೊಂಡವರಿಗೆ ಲಕ್ಷ ಅಂದ್ರೆ ಎಷ್ಟು ಅಂತ ನಾನು ಹೇಳುದು ಬೇಡ.

ಅಷ್ಟು ದೂರದ ದ್ವೀಪಕ್ಕೂ ನಮಗೂ ಎಂತ ಸಂಬಂಧ ಅಂತ್ರಾ? ಮಣಿಪಾಲ ಉಂಟಲ್ಲ! ಅಮೆರಿಕದಲ್ಲಿ ಡಾಕ್ಟ್ರಾಗಬೇಕು ಅನ್ನುವ ಮಕ್ಕಳಿಗಾಗಿ 2004ರಲ್ಲಿ ಅಲ್ಲೊಂದು ಮೆಡಿಕಲ್ ಕಾಲೇಜು ಶುರುವಾಯ್ತು, ಅಮೆರಿಕನ್ ಯೂನಿವರ್ಸಿಟಿ ಆಫ್ ಆಂಟಿಗಾ ಅಂತ. ಆಮೇಲೆ ಅದು ಮಣಿಪಾಲದವರ ಬಳಗಕ್ಕೆ ಸೇರಿತು. ನಮ್ಮನೆಯವರೂ ಆ ಊರಲ್ಲೊಂದು ಕೆಲಸ ಹಿಡಿದ್ರು, ಹಿಂದೆ ನಾನೂ ಹೊರಟೆ. ನಾಳೆ ನಿಮ್ಮ ಮಗಳೋ ಅಳಿಯನೋ ಅಲ್ಲಿಗೆ ಹೋದ್ರೆ ಬಾಣಂತನಕ್ಕೆ ಅಂತ ನೀವೂ ವಿಮಾನ ಹತ್ತುವವರೇ. ಹಾಗಾಗಿ ಕಿವಿ ಕೊಡಿ, ನಾಲ್ಕು ಗುಟ್ಟು ಹೇಳ್ತೆ.

ಮೊದಲು ನಿಮ್ಮ ಸೂಟ್‌ಕೇಸ್. ಅದರೊಳಗೆ ಎಂತೆಂತ ಉಂಟು ಅಂತ ನೋಡದೆಯೂ ಹೇಳಬಲ್ಲೆ. ಮಿಡಿ ಉಪ್ಪಿನಕಾಯಿ ಭರಣಿಯಿಂದ ಬಾಟ್ಲಿಗೆ, ಬಾಟ್ಲಿಯಿಂದ ಮೂರು ಪ್ಲಾಸ್ಟಿಕ್ಕಿಗೆ. ಕುಂದಾಪುರ ಮಸಾಲೆ ಪುಡಿ. ಹಲಸಿನ ಹಪ್ಪಳ. ಬಟ್ಟೆಯ ಮಧ್ಯೆ ಅಡಗಿಸಿಟ್ಟ ಒಣ ಸಿಗಡಿ (ಅದರ ವಾಸನೆ ಅಡಗುದುಂಟಾ?). ಮತ್ತೆ ಎಲ್ಲಕ್ಕಿಂತ ಅಡಿಯಲ್ಲಿ, ಎರಡು ಸೀರೆಯಲ್ಲಿ ಸುತ್ತಿದ ಹೆರೆಮಣೆ.

ಆ ಹೆರೆಮಣೆಯನ್ನು ಕಸ್ಟಮ್ಸಿನ ಹೆಂಗಸು ಹೊರಗೆ ಎಳೆದು, ಹಲ್ಲನ್ನು ಬೆರಳಲ್ಲಿ ಮುಟ್ಟಿ, ನಿಮ್ಮ ಮುಖ ನೋಡ್ತಾಳೆ. ಆಯುಧ ಅಲ್ಲ ಅಂತ ಹೇಳುವಷ್ಟು ಇಂಗ್ಲಿಷ್ ಆ ಹೊತ್ತಿಗೆ ನೆನಪಿಗೆ ಬರುದಿಲ್ಲ. ನೀವು ನೆಲದ ಮೇಲೇ ಮಣೆ ಇಟ್ಟು, ಕೂತು, ಕೈಯಲ್ಲಿಲ್ಲದ ಕಾಯಿಯನ್ನು ಗರಗರ ತುರಿದು ತೋರಿಸ್ತ್ರಿ. ಹಿಂದಿನ ಕ್ಯೂನವರಿಗೆ ಪುಕ್ಕಟೆ ನಾಟಕ. ಅವಳು ನಕ್ಕು ಬಿಟ್ಟುಕೊಡ್ತಾಳೆ. ಪಾಪ, ಸೀರೆ ಎರಡೂ ಹರಿದದ್ದು ನಿಮಗೆ ಗೊತ್ತಾಗುದು ಮನೆಗೆ ಹೋದ ಮೇಲೆ.

ಇನ್ನು ಅಂಗಡಿ. ನೀವು ನಮ್ಮೂರಲ್ಲಿ ಅಂಗಡಿಗೆ ನುಗ್ಗುವ ಚಂದ ಹೇಗೆ? ಹೊಸ್ತಿಲಲ್ಲೇ ‘ಸಕ್ರಿಗ್ ಎಷ್ಟ್?’ ಅಂತ ಬೊಬ್ಬೆ, ಮುಂದೆ ನಿಂತವರ ಕಂಕುಳ ಸಂದಿಯಿಂದ ನೋಟು ಹಿಡಿದ ಒಂದು ಕೈ. ಅದೇ ಚಂದದಲ್ಲಿ ಸೇಂಟ್ ಜಾನ್ಸ್ ಪೇಟೆಯ ಬೇಕರಿಗೆ ನುಗ್ಗಿ ‘ಬ್ರೆಡ್ ಹೌ ಮಚ್?’ ಅಂತ ಕೇಳಿ ನೋಡಿ. ಗಲ್ಲೆಯಲ್ಲಿ ಕೂತ ಹೆಂಗಸು ನಿಮ್ಮನ್ನು ಕಾಣದವಳ ಹಾಗೆ ನಿಮ್ಮ ತಲೆಯ ಮೇಲಿನ ಗಡಿಯಾರ ನೋಡ್ತಾಳೆ.

ನೀವು ಇನ್ನೂ ದೊಡ್ಡಕ್ಕೆ ಕೇಳ್ತ್ರಿ. ಅವಳು ನಿಧಾನಕ್ಕೆ, ಶಾಲೆಯ ಟೀಚರಮ್ಮನ ಹಾಗೆ, ‘ಗುಡ್ ಮಾರ್ನಿಂಗ್’ ಅಂತಾಳೆ. ನೀವು ಬ್ರೆಡ್ಡಿಗೆ ಬೆರಳು ತೋರಿಸ್ತ್ರಿ. ‘ಗುಡ್ ಮಾರ್ನಿಂಗ್.’ ಕೊನೆಗೆ ನಿಮ್ಮ ಗಂಟಲಿನಿಂದ ಒಂದು ಗುಡ್ ಮಾರ್ನಿಂಗ್ ಹೊರಗೆ ಬಿದ್ದ ಮೇಲೆಯೇ ಬ್ರೆಡ್ಡಿಗೆ ಬೆಲೆ ಬರುದು. ಆಮೇಲೆ ಎಷ್ಟು ನಗುಮುಖ ಅಂತ್ರಿ, ‘ಮೈ ಡಿಯರ್’ ಅಂತ ಕರೆದು ಬಿಸಿ ಇದ್ದದ್ದೇ ಆರಿಸಿ ಕೊಡ್ತಾಳೆ.

ಬಸ್ಸಲ್ಲೂ ಅಷ್ಟೇ. ಅಲ್ಲಿ ಬಸ್ ಅಂದ್ರೆ ವ್ಯಾನು, ಸೀಟು ತುಂಬಿದ ಮೇಲೆ ಹೊರಡುದು. ಹತ್ತಿದವರು ಕೂತವರಿಗೆಲ್ಲ ಒಟ್ಟಿಗೆ ಒಂದು ನಮಸ್ಕಾರ ಹಾಕಬೇಕು, ಕೂತವರೆಲ್ಲ ವಾಪಸ್ ಹಾಕ್ತಾರೆ. ನಮ್ಮ ಸರ್ವಿಸ್ ಬಸ್ಸಲ್ಲಿ ಹೀಗೆ ಮಾಡಿ ಕಾಣಿ. ‘ಎಂತ, ಎಲೆಕ್ಷನಿಗ್ ನಿಂತ್ರ್ಯಾ?’ ಅಂತ ಕಂಡಕ್ಟರೇ ಕೇಳ್ತಾನೆ.

ಆದ್ರೆ ನಿಮ್ಮ ನಿಜವಾದ ಕಷ್ಟ ಶುರುವಾಗುದು ನಮಸ್ಕಾರ ಮುಗಿದ ಮೇಲೆ. ಯಾಕೆಂದ್ರೆ ಅಲ್ಲಿಗೆ ಮಾತು ಮುಗೀತು! ಎಲ್ಲಿಗೆ ಹೊರಟದ್ದು, ಯಾರ ಮನೆಗೆ, ಬರುದು ಯಾವಾಗ, ಸಂಬಳ ಎಷ್ಟು, ಮಕ್ಕಳೆಷ್ಟು, ಒಂದೇ ಯಾಕೆ? ಯಾರೂ ಒಂದನ್ನೂ ಕೇಳುದಿಲ್ಲ. ಮೊದಲ ವಾರ ‘ಎಷ್ಟು ಮರ್ಯಾದೆಯ ಜನ’ ಅಂತ ಹೊಗಳ್ತ್ರಿ. ಎರಡನೇ ವಾರ ಹೊಟ್ಟೆಯೊಳಗೆ ಒಂಥರಾ ಆಗ್ತದೆ. ಮೂರನೇ ವಾರ ನೀವೇ ಗೇಟಿನ ಹತ್ರ ನಿಂತು, ಹೋಗಿ ಬರುವವರಿಗೆ ಕೇಳದೆ ಇದ್ರೂ ‘ಮಾರ್ಕೆಟ್ಟಿಗೆ ಹೊರಟೆ’ ಅಂತ ಹೇಳಲಿಕ್ಕೆ ಶುರುಮಾಡ್ತ್ರಿ. (ನಗಬೇಡಿ. ನಾನು ಕಣ್ಣಾರೆ ಕಂಡ ಬ್ರಹ್ಮಾವರದವರು ಉಂಟು.)

ದುಡ್ಡಿನ ಸಂಗತಿಗೆ ಬರುವ. ಅಲ್ಲಿ ನಡೆಯುದು ಈಸ್ಟರ್ನ್ ಕೆರಿಬಿಯನ್ ಡಾಲರ್, ಬಾಯಲ್ಲಿ ‘ಈಸಿ’. ಹೆಸರಷ್ಟೇ ಈಸಿ! 1976ರಿಂದ ಅಮೆರಿಕದ ಒಂದು ಡಾಲರಿಗೆ 2.70 ಈಸಿ ಅಂತ ಗೂಟ ಹೊಡೆದು ಕಟ್ಟಿಟ್ಟಿದ್ದಾರೆ. ನಮ್ಮ ಲೆಕ್ಕದಲ್ಲಿ ಒಂದು ಈಸಿಗೆ ಮೂವತ್ತು ಚಿಲ್ಲರೆ ರೂಪಾಯಿ. ಅಂದ್ರೆ ಶಾಲೆಯಲ್ಲಿ ಇಪ್ಪತ್ತರ ಮಗ್ಗಿಗೇ ನಿಲ್ಲಿಸಿದ ನೀವು ಈಗ ಮೂವತ್ತರದ್ದು ಉರು ಹೊಡೀಬೇಕು.

ದ್ವೀಪ ಅಲ್ವಾ, ತಿನ್ನುವ ವಸ್ತು ಸುಮಾರೆಲ್ಲ ಹಡಗಲ್ಲೇ ಬರಬೇಕು. ಒಂದು ಹೂಕೋಸಿಗೆ 20 ಅಂತ ಚೀಟಿ ಅಂಟಿಸಿದ್ದಾರೆ ಅಂತ ಇಟ್ಕಳಿ. ನೀವು ಹೂಕೋಸು ಹಿಡಿದುಕೊಂಡು ಅಲ್ಲೇ ನಿಂತ್ರಿ, ತುಟಿ ಅಲ್ಲಾಡ್ತಾ ಉಂಟು. ಅಂಗಡಿಯವರಿಗೆ ನೀವು ದೇವರ ನಾಮ ಹೇಳ್ತಾ ಇದ್ದೀರಿ ಅಂತ ಕಾಣ್ತದೆ. ‘ಆರ್ನೂರ್ ಚಿಲ್ರೆ! ಒಂದ್ ಕೋಸಿಗೆ!’ ಸಂಬಳವೂ ಅದೇ ಡಾಲರಲ್ಲಿ ಬರ್ತದೆ ಅನ್ನುದು ಆ ಗಳಿಗೆಯಲ್ಲಿ ನೆನಪಿರುದಿಲ್ಲ. ಸಂಬಳಕ್ಕೆ ಮೂವತ್ತರ ಮಗ್ಗಿ ಹಾಕಿ ಊರವರ ಹತ್ರ ಹೇಳುವಾಗ ಮಾತ್ರ ಕೋಸಿನ ಸುದ್ದಿ ಬಾಯಿಗೆ ಬರುದಿಲ್ಲ, ಅಲ್ದಾ?

ಈಗ ಸ್ವಲ್ಪ ಹತ್ರ ಬನ್ನಿ, ಇದು ಮೆಲ್ಲ ಹೇಳುವ ವಿಷಯ. ಬಾಡಿಗೆ ಮನೆ. ನಮ್ಮೂರಲ್ಲಿ ಮೇಲಿನ ಮಾಳಿಗೆಗೆ ಘಟ್ಟದ ಮೇಲಿಂದ ಒಬ್ಬ ಬ್ಯಾಂಕಿನವನು ಬಂದ್ರೆ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? ‘ನೀವ್ ಮೀನ್ ತಿಂತ್ರ್ಯಾ?’ ಮೀನಿನ ಮೇಲೆ ನಿಮಗೆ ಅಷ್ಟು ಕಾಳಜಿ! ಅವನು ಹ್ಞೂ ಅಂದ್ರೂ ಊಹ್ಞೂ ಅಂದ್ರೂ ನಿಮಗೆ ಬೇಕಾದದ್ದು ಗೊತ್ತಾಗಿಬಿಡ್ತದೆ. ಗೊತ್ತಾಗದಿದ್ರೆ ‘ಮದುವೆಯ ಊಟ ಯಾರ ಕೈಯಲ್ಲಿ ಮಾಡಿಸಿದ್ದು’ ಅಂತ ಇನ್ನೊಂದು ಗಾಳ.

ಆಂಟಿಗಾದಲ್ಲಿ ನಮಗೆ ಮನೆ ಕೊಟ್ಟ ಓನರಮ್ಮ ಕೇಳಿದ್ದು ಎರಡೇ. ಬಾಡಿಗೆ ಯಾವ ತಾರೀಕಿಗೆ ಕೊಡ್ತೀರಿ? ನೀರು ಹಾಳು ಮಾಡ್ತೀರಾ? ನಾನು ಬಾಕಿ ಪ್ರಶ್ನೆಗೆ ಅಂತ ಕಾದು ನಿಂತೆ. ಬರಲಿಲ್ಲ. ಬೀಗದ ಕೈ ಕೊಟ್ಟು ಅವರು ತಮ್ಮ ಪಾಡಿಗೆ ಗಿಡಕ್ಕೆ ನೀರು ಹಾಕಲಿಕ್ಕೆ ಹೋದ್ರು.

ಅದೇ ರಾತ್ರಿ ಊರಿಂದ ದೊಡ್ಡಮ್ಮನ ಫೋನು. (ಒಂಬತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ ಒಂಬತ್ತು ಅಂದ್ರೆ ಇಲ್ಲಿ ಬೆಳಿಗ್ಗೆ ಆರೂವರೆ, ಡೈರಿಗೆ ಹಾಲು ಕೊಟ್ಟು ಬಂದು ಕೂತು ಮಾತಾಡುವ ಹೊತ್ತು.) ಕ್ಷೇಮ ಸಮಾಚಾರ ಎಲ್ಲ ಆದ ಮೇಲೆ ಧ್ವನಿ ಸಣ್ಣ ಮಾಡಿ, ‘ಅಲ್ಲ ಹೆಣೇ, ಅಲ್ಲಿಯವ್ರೆಲ್ಲ ಕಪ್ಪ್ ಅಂಬ್ರಲ್ದಾ, ಹೆದ್ರ್ಕಿ ಆತಿಲ್ಯಾ ನಿಂಗೆ?’ ನಡುವೆ ಎರಡು ಮಹಾಸಾಗರ ಇರುವಾಗ ಧ್ವನಿ ಸಣ್ಣ ಮಾಡುದು ಯಾರಿಗೆ ಕೇಳಬಾರದು ಅಂತ? ಆಯಸ್ಸಿಡೀ ಬಿಸಿಲಲ್ಲಿ ನಟ್ಟಿ ಮಾಡಿದ ನಮ್ಮ ದೊಡ್ಡಮ್ಮನೂ ಹಾಲಿನ ಬಣ್ಣದವರೇನಲ್ಲ ಮತ್ತೆ.

ನಿಮ್ಮನ್ನು ಅಲ್ಲಿ ಇಂಡಿಯಾದವರು ಅಂತಲೂ ಒಂದೇ ಸಲಕ್ಕೆ ಒಪ್ಪುದಿಲ್ಲ. ‘ಗಯಾನಾದವ್ರಾ?’ ಅಂತ ಕೇಳ್ತಾರೆ. ಅದಕ್ಕೆ ಕಾರಣ ಉಂಟು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಕ್ಕೆ ಜನ ಬೇಕಾಗಿ, 1838ರಲ್ಲಿ ಕಲ್ಕತ್ತೆಯಿಂದ ಹಡಗು ತುಂಬಿ ನಮ್ಮವರನ್ನು ಕರಾರಿನ ಕೂಲಿಗೆ ಗಯಾನಾಕ್ಕೆ ಒಯ್ದಿದ್ರು, 1845ರಲ್ಲಿ ಟ್ರಿನಿಡಾಡಿಗೂ. ಆ ಗಯಾನಾದವರು ಆಂಟಿಗಾದಲ್ಲಿ ಕೆಲಸಕ್ಕೆ ಅಂತ ಬಂದು ನೆಲೆ ನಿಂತವರು ಸುಮಾರು ಜನ. ಅಲ್ಲಿಯವರ ಕಣ್ಣಿಗೆ ಅವರೂ ಹೊರಗಿನವರೇ. ನೀವು ‘ಛೆ ಛೆ, ನಾವು ಒರಿಜಿನಲ್’ ಅಂತ ಎದೆ ಉಬ್ಬಿಸ್ತ್ರಿ. ಎಂತದು ಒರಿಜಿನಲ್? ಅವರ ಅಜ್ಜ ಹಡಗಲ್ಲಿ ಹೋದದ್ದು, ನೀವು ವಿಮಾನದಲ್ಲಿ.

ಆದ್ರೆ ಒಂದು ಹೆಸರು ಉಂಟು, ಅದನ್ನು ಹೇಳಿದ್ರೆ ಹಳೇ ಟ್ಯಾಕ್ಸಿ ಡ್ರೈವರುಗಳು ಸ್ಟಿಯರಿಂಗ್ ಬಿಟ್ಟು ಗಲ್ಲ ಮುಟ್ಟಿಕೊಳ್ತಾರೆ. ಅನಿಲ್ ಕುಂಬ್ಳೆ! 2002ರ ಮೇ ತಿಂಗಳು, ಅದೇ ಸೇಂಟ್ ಜಾನ್ಸ್‌ನ ರಿಕ್ರಿಯೇಷನ್ ಗ್ರೌಂಡು. ಡಿಲ್ಲನ್ ಎಸೆದ ಚೆಂಡಿಗೆ ದವಡೆ ಮುರಿದು, ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು, ಸತತ 14 ಓವರ್ ಬೌಲ್ ಮಾಡಿ ಲಾರಾನ ವಿಕೆಟ್ ತೆಗೆದದ್ದು. ನೀವು ತಕ್ಷಣ ‘ನಮ್ಮೂರವ್ರು!’ ಅಂತ್ರಿ. ಬೆಂಗಳೂರಿನವರು ನಮ್ಮೂರವರು ಹೇಗಾದ್ರು ಅಂತ ಕೇಳಿದ್ರೆ, ಮೂಲ ಕಾಸರಗೋಡಿನ ಕುಂಬಳೆ ಅಲ್ದಾ, ಅದು ಕರಾವಳಿ ಅಲ್ದಾ, ಬ್ರಹ್ಮಾವರವೂ ಕರಾವಳಿ ಅಲ್ದಾ! ಅಷ್ಟು ಉದ್ದ ಎಳೆದಾದ್ರೂ ಸರಿ, ಬಾಡಿಗೆಯಲ್ಲಿ ಎರಡು ಡಾಲರ್ ಕಮ್ಮಿ ಆಗ್ತದೆ ನೋಡಿ.

ಶನಿವಾರ ಮಾರ್ಕೆಟ್ಟಿಗೆ ಹೋಗಿ. ಅಲ್ಲಿ ರಾಶಿ ಹಾಕಿದ್ದು ಕಂಡು ನೀವು ಅತ್ತುಬಿಡ್ತ್ರಿ. ಜೀಗುಜ್ಜೆ! ಹಸಿರು ಮೈ, ಅದೇ ಒರಟು ಸಿಪ್ಪೆ, ತೊಟ್ಟಲ್ಲಿ ಅದೇ ಬಿಳಿ ಮೇಣ. ‘ಇದ್ ನಮ್ದ್’ ಅಂತ ಮಾರುವವಳಿಗೆ ಪಾಠ ಹೇಳ್ತ್ರಿ. ಅವಳು ಸೊಂಟಕ್ಕೆ ಕೈ ಇಟ್ಟು ‘ಇದು ನಮ್ಮದು’ ಅಂತಾಳೆ.

ನಿಜ ಹೇಳಿದ್ರೆ ಇಬ್ಬರದ್ದೂ ಅಲ್ಲ ಮಾರಾಯ್ರೆ. ಅದು ಪೆಸಿಫಿಕ್ ದ್ವೀಪಗಳ ಮರ. ಗುಲಾಮರಿಗೆ ಅಗ್ಗದ ಊಟ ಆಗ್ತದೆ ಅಂತ ಬ್ಲೈ ಅನ್ನುವ ಇಂಗ್ಲಿಷ್ ಕ್ಯಾಪ್ಟನ್ ತಹೀಟಿಯಿಂದ ಸಸಿ ತುಂಬಿಸಿಕೊಂಡು ಹೊರಟ. ಮೊದಲ ಸಲ, 1789ರಲ್ಲಿ, ಅವನ ಹಡಗಿನವರೇ ತಿರುಗಿಬಿದ್ದು ಅವನನ್ನು ದೋಣಿಗೆ ಹತ್ತಿಸಿ ಸಮುದ್ರದ ಮಧ್ಯ ಬಿಟ್ರು. ಆಸಾಮಿ ಸಾಯಲಿಲ್ಲ, ಹಟವೂ ಬಿಡಲಿಲ್ಲ. 1793ರಲ್ಲಿ ಇನ್ನೊಂದು ಹಡಗಲ್ಲಿ ತಂದು ಸೇಂಟ್ ವಿನ್ಸೆಂಟಿಗೂ ಜಮೈಕಾಕ್ಕೂ ಮುಟ್ಟಿಸಿದ. ತಮಾಷೆ ಅಂದ್ರೆ ಮೊದಮೊದಲು ಆ ಗುಲಾಮರು ‘ಇದೆಂತ ಹಾಳು ಕಾಯಿ’ ಅಂತ ಮುಟ್ಟಲೇ ಇಲ್ಲವಂತೆ. ಈಗ ಅವರ ಮೊಮ್ಮಕ್ಕಳು ಇಡೀ ಕಾಯಿಯನ್ನು ಕೆಂಡದ ಮೇಲಿಟ್ಟು, ಹೊರಗೆ ಕಪ್ಪಗೆ ಸುಟ್ಟು, ಸಿಪ್ಪೆ ಕೆರೆದು, ಬೆಣ್ಣೆ ಹಚ್ಚಿ ತಿಂತಾರೆ.

ಓನರಮ್ಮ ಸುಟ್ಟದ್ದು ಕೊಟ್ರು, ನಾನು ಪೋಡಿ ಕರಿದು ಕೊಟ್ಟೆ. ಕಡಲೆ ಹಿಟ್ಟಲ್ಲಿ ಮುಳುಗಿಸಿ ಕರಿದದ್ದನ್ನು ಅವರು ಒಂದು ತಿಂದ್ರು, ಎರಡು ತಿಂದ್ರು, ಆಮೇಲೆ ತಟ್ಟೆಯನ್ನೇ ತಮ್ಮ ಕಡೆ ಎಳೆದುಕೊಂಡ್ರು. ಪಾಕಶಾಸ್ತ್ರದಲ್ಲಿ ನಾವು ಗೆದ್ದೆವು ಅಂತ ಮೀಸೆ ತಿರುವಬೇಡಿ. ಅದೇ ಮೇಜಿನ ಮೇಲೆ ಒಂದು ಪುಟಾಣಿ ಮೆಣಸಿನಕಾಯಿ ಇತ್ತು, ಸ್ಕಾಚ್ ಬಾನೆಟ್. ಗುಂಡಗೆ, ಹಳದಿ, ಆಟದ ಸಾಮಾನಿನ ಹಾಗೆ. ‘ನಾವು ಕುಂದಾಪುರ ಕಡೆಯವ್ರು, ನಮಗೆ ಖಾರ ಎಂತ’ ಅಂತ ಕಚ್ಚಿದ ಮಹನೀಯರನ್ನು ಆಮೇಲೆ ಫ್ರಿಜ್ಜಿನ ಬಾಗಿಲ ಹತ್ರ ಹುಡುಕಬೇಕಾಯ್ತು. (ನಮ್ಮನೆಯವರ ಹೆಸರು ಹೇಳುದಿಲ್ಲ.)

ಊಟದ ಮಾತು ಬಂದದ್ದಕ್ಕೆ ಇನ್ನೊಂದು. ಅಲ್ಲಿಯ ಕಿಂಗ್‌ಫಿಶ್ ನಮ್ಮ ಅಂಜಲಿನ ದಾಯಾದಿ, ಕಣ್ಣು ಮುಚ್ಚಿ ಮಸಾಲೆ ಹಚ್ಚಬಹುದು. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆ ಹಾಕಿ ಮಗುಚಿ ಉಂಡೆ ಕಟ್ಟುವ ‘ಫಂಜಿ’ ಅಲ್ಲಿಯ ರಾಷ್ಟ್ರೀಯ ಊಟ. ಘಟ್ಟದ ಮೇಲಿನವರು ಅದನ್ನು ಕಂಡ್ರೆ ಮುದ್ದೆ ಅಂತ ತಬ್ಬಿಕೊಳ್ತಾರೆ. ನೀವು ಮಾತ್ರ ಕುಚ್ಚಲಕ್ಕಿ ಗಂಜಿ ಸಿಕ್ಕತ್ತಾ ಅಂತ ಕೇಳ್ಕಂಡು ಇಡೀ ದ್ವೀಪ ಸುತ್ತುವವರು.

ನೀರು ಹಾಳು ಮಾಡ್ತೀರಾ ಅಂತ ಓನರಮ್ಮ ಯಾಕೆ ಕೇಳಿದ್ದು ಅಂತ ಆಮೇಲೆ ಅರ್ಥ ಆಯ್ತು. ಆಂಟಿಗಾದಲ್ಲಿ ವರ್ಷಪೂರ್ತಿ ಹರಿಯುವ ಒಂದೇ ಒಂದು ಹೊಳೆ ಇಲ್ಲ. ಸಮುದ್ರದ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡುದು. ಮಳೆ ನಮ್ಮದರ ಕಾಲು ಭಾಗ ಸಿಕ್ಕಿದ್ರೆ ಪುಣ್ಯ. ಹಾಗಾಗಿ ಮಾಡಿನ ನೀರನ್ನೆಲ್ಲ ದಂಬೆಯಲ್ಲಿ ಇಳಿಸಿ ಮನೆಯಡಿಯ ಟ್ಯಾಂಕಿಗೆ ತುಂಬಿಸ್ತಾರೆ. ಮೋಡ ಕಂಡ್ರೆ ಮೊದಲು ದಂಬೆಯ ಎಲೆ ತೆಗೀಲಿಕ್ಕೆ ಏಣಿ. ನೀವು? ವರ್ಷಕ್ಕೆ 4,000 ಮಿಲಿಮೀಟರ್ ಸುರಿಸುವ ಊರಲ್ಲಿ ಹುಟ್ಟಿ, ಅಷ್ಟನ್ನೂ ಅಂಗಳದಿಂದ ಪಕ್ಕದ ಮನೆಯವರ ಕಂಪೌಂಡಿಗೆ ಬಿಟ್ಟು ಜಗಳ ಆಡಿದವರು. ಏಪ್ರಿಲಲ್ಲಿ ಬಾವಿ ಉಪ್ಪಾಯ್ತು ಅಂತ ಪಂಚಾಯ್ತಿಗೆ ಬೈಯ್ಯುವವರೂ ನೀವೇ.

ಆಂಟಿಗಾದವರ ಒಂದು ಜಂಬ ಹೇಳ್ತೆ ಕೇಳಿ. ತಮ್ಮಲ್ಲಿ 365 ಬೀಚ್ ಉಂಟಂತೆ, ದಿನಕ್ಕೊಂದು. ನೀವು ಸುಮ್ಮನಿರ್ತ್ರಾ? ‘ನಮ್ಮ ಬಾರ್ಕೂರಲ್ಲಿ 365 ದೇವಸ್ಥಾನ, ದಿನಕ್ಕೊಂದು’ ಅಂತ ತಿರುಗೇಟು. ಅವರೂ ಎಣಿಸಿದವರಲ್ಲ, ನೀವೂ ಎಣಿಸಿದವರಲ್ಲ. ಸಮಬಲ.

ಆದ್ರೆ ಅವರು ಬೀಚಿಗೆ ಇಳೀತಾರೆ ಸ್ವಾಮಿ. ಎಷ್ಟು ದೊಡ್ಡ ಹೋಟೆಲ್ ಎದುರಿಗೆ ಇದ್ರೂ ಸಮುದ್ರದ ದಡ ಎಲ್ಲರದ್ದು ಅಂತ ಅಲ್ಲಿ ಕಾನೂನು. ಭಾನುವಾರ ಚರ್ಚು ಮುಗಿಸಿ ಅಜ್ಜಿಯಂದಿರೂ ಕುತ್ತಿಗೆ ಮಟ್ಟದ ನೀರಲ್ಲಿ ನಿಂತು ಹರಟೆ ಹೊಡೀತಾರೆ. ನೀವು ಪ್ಯಾಂಟು ಮೊಣಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ಹೊಡೆಸಿಕೊಂಡು ವಾಪಸ್. ಸಮುದ್ರ ಸ್ನಾನಕ್ಕೆ ನಿಮಗೆ ಅಮಾವಾಸ್ಯೆಯೇ ಬೇಕು, ಮರವಂತೆಯೇ ಬೇಕು, ಮೂಗು ಹಿಡಿದು ಮೂರೇ ಮುಳುಗು.

ಹೋಗಲಿ, ಕೋಡಿಬೆಂಗ್ರೆಗೆ ಕಡೆಯ ಸಲ ಹೋದದ್ದು ಯಾವಾಗ? ಸೀತೆಯೂ ಸ್ವರ್ಣೆಯೂ ಕೂಡಿ ಸಮುದ್ರ ಸೇರುವ ಕಡೆ. ಒಂದು ಬದಿ ಕಡಲು, ಒಂದು ಬದಿ ಹೊಳೆ, ನಡುವೆ ಪಟ್ಟಿಯಷ್ಟು ನೆಲ. ಹಂಗಾರಕಟ್ಟೆಯಲ್ಲಿ ನಿಂತ್ರೆ ಎದುರಿಗೇ ಕಾಣ್ತದೆ, ರಸ್ತೆಯಲ್ಲಿ ಹೊರಟ್ರೆ ಕಲ್ಯಾಣಪುರ, ಕೆಮ್ಮಣ್ಣು ಅಂತ ಊರೆಲ್ಲ ಸುತ್ತಬೇಕು. ಹೊಳೆಯ ನಡುವಿನ ಕುದ್ರುಗಳಲ್ಲಿ ಮಳೆಗಾಲದ ನೆರೆಗೂ ಬೇಸಿಗೆಯ ಉಪ್ಪುನೀರಿಗೂ ಜವಾಬು ಹೇಳ್ಕಂಡು ಬದುಕುವವರಿದ್ದಾರೆ. ನೀವು ಮಾತ್ರ ಪೇಟೆಯಲ್ಲಿ ಕೂತು ಮೊಬೈಲಲ್ಲಿ ಮಾಲ್ಡೀವ್ಸ್ ನೋಡ್ತ್ರಿ.

ಸಕ್ಕರೆ ವಿಷಯದಲ್ಲಂತೂ ನಾವು ಅವರು ಅಣ್ಣತಮ್ಮ. ಅಲ್ಲಿ ಗುಡ್ಡಗುಡ್ಡದ ಮೇಲೂ ಕಬ್ಬು ಅರೆಯುತ್ತಿದ್ದ ಗಾಳಿಯಂತ್ರದ ಕಲ್ಲಿನ ಗೋಪುರ, ರೆಕ್ಕೆ ಉದುರಿ ಬೋಳಾಗಿ ನಿಂತದ್ದು. 1970ರ ದಶಕದ ಹೊತ್ತಿಗೆ ಆ ಧಂದೆಯೇ ಮುಗಿದು ಊರು ಟೂರಿಸ್ಟರನ್ನು ನಂಬಿತು. ನಮ್ಮ ಬ್ರಹ್ಮಾವರದ ಸಕ್ಕರೆ ಕಾರ್ಖಾನೆಯೂ ಬಾಗಿಲು ಹಾಕಿತು, ಷೇರು ಪತ್ರ ಇನ್ನೂ ಎಷ್ಟೋ ಮನೆಯ ಗೋದ್ರೇಜಲ್ಲಿ ಉಂಟು. ಅವರು ಒಂದು ಹಳೇ ಗಾಳಿಯಂತ್ರವನ್ನು ರಿಪೇರಿ ಮಾಡಿ, ಗುಲಾಮರ ಕಷ್ಟದ ಕತೆಯನ್ನೂ ಅಲ್ಲೇ ಬರೆದು, ಬಂದವರಿಗೆ ತೋರಿಸ್ತಾರೆ. ನಾವು ಹೈವೇಯಲ್ಲಿ ಹೋಗುವಾಗ ‘ಇಲ್ಲೊಂದ್ ಫ್ಯಾಕ್ಟರಿ ಇದ್ದಿತ್ತ್’ ಅಂತ ಬೆರಳು ತೋರಿಸ್ತೆವೆ.

ವಾಪಸ್ ಬಂದ ಮೇಲೆ ನನಗೊಂದು ಚಾಳಿ ಅಂಟಿಕೊಂಡದ್ದು ನಿಜ. ಜಿನಸಿ ಅಂಗಡಿಗೆ ಹೋಗಿ, ನಿಂತು, ‘ಗುಡ್ ಮಾರ್ನಿಂಗ್’ ಅಂದೆ. ಅಂಗಡಿಯವರು ತೊಗರಿಬೇಳೆ ತೂಗುದು ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇಜಾರದಲ್ಲಿ ‘ಪುಸ್ತಕದಲ್ ಬರಿಕಾ?’ ಅಂದ್ರು. ಇಷ್ಟು ಮರ್ಯಾದೆ ಕೊಡುವವರು ಸಾಲಕ್ಕಲ್ಲದೆ ಮತ್ತೆಂತಕ್ಕೆ ಬರ್ತಾರೆ ಹೇಳಿ!

ಹ್ಞಾ, ಮಾತಲ್ಲಿ ಮರೆತೆ. ನಿಮ್ಮನ್ನು ನಿಲ್ಲಿಸಿದ್ದು ಬೇರೆಯೇ ಕೆಲಸಕ್ಕೆ. ನಮ್ಮ ಓನರಮ್ಮ ಬರುವ ಡಿಸೆಂಬರಿಗೆ ಊರು ನೋಡಲಿಕ್ಕೆ ಬರ್ತಾರಂತೆ. ಅಲ್ಲಿಯ ಕಾರ್ನಿವಲ್ಲಲ್ಲಿ ಬೆಳಗಾಗುವ ಮೊದಲೇ ಬೀದಿಗಿಳಿದು ಕುಣಿಯುವವರು, ನಮ್ಮಲ್ಲಿ ರಾತ್ರಿಯಿಡೀ ಆಟ ಉಂಟು ಅಂತ ನಾನೇ ಹೇಳಿ ಆಸೆ ಹುಟ್ಟಿಸಿದ್ದು. ಮಂದಾರ್ತಿ ಮೇಳದ ಆಟ ನೋಡಬೇಕು, ನಾಲ್ಕು ತಿಂಗಳು ಇಲ್ಲೇ ಇರಬೇಕು ಅಂತ ಅವರ ಮನಸ್ಸು. ನಿಮ್ಮ ಮೇಲಿನ ಮಾಳಿಗೆ ಖಾಲಿ ಇತ್ತ್ ಅಂಬ್ರಲ್ದಾ? ಬಾಡಿಗೆ ಎಷ್ಟು ಹೇಳ್ತ್ರಿ? ತಾರೀಕಿಗೆ ಸರಿಯಾಗಿ ಕೊಡ್ತಾರೆ, ನೀರು ಹಾಳು ಮಾಡುವವರಲ್ಲ. ಮತ್ತೆ ಮೀನು ತಿಂತಾರೆ, ಅದನ್ನು ಮೊದಲೇ ಹೇಳಿಬಿಟ್ಟೆ... ಹ್ವಾಯ್, ಎಲ್ಲಿಗೆ ಓಡುದು? ಆ ಬಸ್ ನಿಮ್ಮೂರಿಗೆ ಹೋಗುದಲ್ಲ ಮಾರಾಯ್ರೆ!